ಅರುವತ್ತು ಪದಗಳ ಕಾನೂನು ಮತ್ತು ಒಂದು ಮತ





ಜನಪ್ರತಿನಿಧಿಯ ಹೊಣೆಗಾರಿಕೆಯ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದರು. ಈ ವಿಷಯದಲ್ಲಿ ತತ್ವ ಸಿದ್ಧಾಂತಗಳನ್ನು ಹೇಳಬಲ್ಲವರು ನನಗಿಂತ ಸಮರ್ಥರು ಬಹಳ ಮಂದಿ ಇದ್ದಾರೆ. ಆದುದರಿಂದ ನಾನು ಓರ್ವ ವ್ಯಕ್ತಿಯ ಬದುಕನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಅವರು ಮುಸ್ಲಿಮರಲ್ಲ, ಭಾರತೀಯರೂ ಅಲ್ಲ. ಅಮೆರಿಕದ ಕಪ್ಪು ವರ್ಣೀಯ ಕ್ರೈಸ್ತ ಮಹಿಳೆ. ಸುಮಾರು ಇಪ್ಪತ್ತೇಳು ವರ್ಷ ಅಮೆರಿಕದ ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ ಸದಸ್ಯೆಯಾಗಿದ್ದವರು. ಹೆಸರು ಬಾರ್ಬರಾ ಲೀ.

ಇಪ್ಪತ್ತೇಳು ವರ್ಷಗಳಲ್ಲಿ ಅವರು ಸಾವಿರಾರು ಸಲ ಮತ ಚಲಾಯಿಸಿದ್ದಾರೆ. ಅವುಗಳಲ್ಲಿ ಒಂದೇ ಒಂದು ಮತದ ಕುರಿತು ಇಂದು ಹೆಚ್ಚು ಹೇಳಲಿಕ್ಕಿದೆ. 2001ರ ಸೆಪ್ಟೆಂಬರ್ 14ರ ಶುಕ್ರವಾರ ರಾತ್ರಿ ಚಲಾಯಿಸಿದ ಮತ ಅದು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಕೇವಲ ಮೂರು ದಿನಗಳಾಗಿದ್ದವು. ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಯುದ್ಧ ಮಾಡುವ ಅಧಿಕಾರ ಕೊಡುವ ನಿರ್ಣಯ ಸಭೆಯ ಮುಂದೆ ಬಂತು. ಪರವಾಗಿ 420 ಮತಗಳು ಬಿದ್ದವು. ವಿರೋಧವಾಗಿ ಬಿದ್ದದ್ದು ಒಂದು. ಅದೇ ದಿನ ಸೆನೆಟ್‌ನಲ್ಲಿ 98 ಮತಗಳು ಪರವಾಗಿ ಬಿದ್ದಿದ್ದವು, ವಿರೋಧಕ್ಕೆ ಅಲ್ಲಿ ಒಬ್ಬರೂ ಇರಲಿಲ್ಲ. ಅಂದರೆ ಅಮೆರಿಕದ ಇಡೀ ಶಾಸಕಾಂಗದಲ್ಲಿ ಬೇಡ ಎಂದವರು ಈ ಮಹಿಳೆ ಒಬ್ಬರೇ.

ಈ ಧೈರ್ಯ ಅವರಿಗೆ ಎಲ್ಲಿಂದ ಬಂತು? ಧೈರ್ಯವೆಂಬುದು ಒಂದು ರಾತ್ರಿಯಲ್ಲಿ ಹುಟ್ಟುವಂಥದ್ದಲ್ಲ. ಆದ್ದರಿಂದ ಅವರ ಬದುಕಿನ ಮೊದಲ ಭಾಗವನ್ನು ಸ್ವಲ್ಪ ನೋಡೋಣ.

ಬಾರ್ಬರಾ ಹುಟ್ಟಿದ್ದು 1946ರ ಜುಲೈ 16ರಂದು, ಟೆಕ್ಸಾಸ್ ರಾಜ್ಯದ ಎಲ್ ಪಾಸೋ ನಗರದಲ್ಲಿ. ಮೆಕ್ಸಿಕೋ ಗಡಿಗೆ ತಾಗಿಕೊಂಡಿರುವ ಊರು. ವರ್ಣಭೇದ ಅಲ್ಲಿ ಕಾನೂನೇ ಆಗಿದ್ದ ಕಾಲ ಅದು. ಹೆರಿಗೆ ನೋವಿನಿಂದ ಬಳಲುತ್ತಿದ್ದ ತಾಯಿಯನ್ನು ಕಪ್ಪು ಬಣ್ಣದವರೆಂಬ ಕಾರಣಕ್ಕೆ ಆಸ್ಪತ್ರೆಯವರು ಮೊದಲು ಸೇರಿಸಿಕೊಳ್ಳಲಿಲ್ಲ. ಅಜ್ಜಿ ನೋಡಲು ಬಿಳಿಯರಂತೆಯೇ ಇದ್ದರು. ಅವರು ಬಂದು ವಾದಿಸಿದ ಬಳಿಕ ಒಳಗೆ ಸೇರಿಸಿಕೊಂಡರಾದರೂ ಸರಿಯಾಗಿ ಗಮನಿಸಲಿಲ್ಲ. ಕೊನೆಗೆ ತಾಯಿಯ ಪ್ರಾಣವೇ ಅಪಾಯಕ್ಕೆ ಸಿಲುಕಿದಾಗ ಇಕ್ಕಳ ಹಾಕಿ ಮಗುವನ್ನು ಎಳೆದು ತೆಗೆಯಲಾಯಿತು. ಆ ಇಕ್ಕಳದ ಗುರುತು ಬಹಳ ಕಾಲ ತನ್ನ ಕಣ್ಣಿನ ಮೇಲ್ಭಾಗದಲ್ಲಿತ್ತು ಎಂದು ಬಾರ್ಬರಾ ಹೇಳಿದ್ದಾರೆ. ಭೂಮಿಗೆ ಬರುವ ಮುನ್ನವೇ ತಾರತಮ್ಯವನ್ನು ಉಂಡವರು ಅವರು.

1960ರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಲ್ಲಿನ ಹೈಸ್ಕೂಲಿನಲ್ಲಿ ಆಟದ ಸಮಯದಲ್ಲಿ ತಂಡವನ್ನು ಹುರಿದುಂಬಿಸುವ ಹುಡುಗಿಯರ ಗುಂಪೊಂದಿತ್ತು. ಚಿಯರ್ ಲೀಡರ್‌ಗಳೆಂದು ಕರೆಯುತ್ತಾರೆ. ಆ ಗುಂಪಿನಲ್ಲಿ ಅದುವರೆಗೆ ಕಪ್ಪು ಹುಡುಗಿಯರು ಇರಲೇ ಇಲ್ಲ. ಅದೊಂದು ಹೋರಾಟದ ವಿಷಯವೇ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಆಯ್ಕೆ ನಡೆಯುತ್ತಿದ್ದುದು ಒಂದು ಸಣ್ಣ ಸಮಿತಿಯೊಳಗೆ, ಮುಚ್ಚಿದ ಬಾಗಿಲಿನ ಹಿಂದೆ. ಬಾರ್ಬರಾ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ನೆರವು ಕೋರಿದರು. ಆಯ್ಕೆಯ ನಿಯಮವೇ ಬದಲಾಗಬೇಕೆಂದು ಒತ್ತಾಯ ಬಂತು. ಎಲ್ಲ ವಿದ್ಯಾರ್ಥಿಗಳ ಎದುರು ಬಹಿರಂಗ ಆಯ್ಕೆ ನಡೆಯಿತು. ಬಾರ್ಬರಾ ಗೆದ್ದರು. ತನಗೊಂದು ಜಾಗ ಕೊಡಿ ಎಂದು ಬೇಡುವುದು ಒಂದು, ನಿಯಮವನ್ನು ನ್ಯಾಯಬದ್ಧಗೊಳಿಸಿ ಎಂದು ಕೇಳುವುದು ಇನ್ನೊಂದು. ಹದಿಹರೆಯದಲ್ಲಿಯೇ ಅವರು ಎರಡನೆಯದನ್ನು ಆರಿಸಿಕೊಂಡಿದ್ದರು.

ಮುಂದೆ ಅವರು ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿಗೆ ಸೇರಿದಾಗ ಇಬ್ಬರು ಗಂಡು ಮಕ್ಕಳ ತಾಯಿ. ಜೊತೆಗೆ ಪತಿ ಇರಲಿಲ್ಲ. ಸರಕಾರದ ನೆರವಿನಿಂದ ಮನೆ ನಡೆಯುತ್ತಿತ್ತು. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲದ ದಿನ ಅವರನ್ನೂ ತರಗತಿಗೆ ಕರೆದುಕೊಂಡು ಹೋಗುತ್ತಿದ್ದರು. ಚುನಾವಣೆ, ಪಕ್ಷ ಇವುಗಳಲ್ಲಿ ಅವರಿಗೆ ಕಿಂಚಿತ್ತೂ ನಂಬಿಕೆ ಇರಲಿಲ್ಲ. ಯಾವುದಾದರೂ ಅಭ್ಯರ್ಥಿಯ ಪ್ರಚಾರದಲ್ಲಿ ಕೆಲಸ ಮಾಡಬೇಕೆಂಬುದು ಪಠ್ಯದ ಒಂದು ಭಾಗವಾಗಿತ್ತು. ಅದನ್ನು ಮಾಡಲು ಒಪ್ಪದ ಕಾರಣ ಆ ವಿಷಯದಲ್ಲಿ ಅನುತ್ತೀರ್ಣರಾಗುವ ಹಂತಕ್ಕೆ ಬಂದಿದ್ದರು.

ಆಗ, 1972ರಲ್ಲಿ, ಶರ್ಲಿ ಚಿಸಮ್ ಆ ಕಾಲೇಜಿಗೆ ಬಂದರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಚಿಸಮ್. ಆ ವರ್ಷ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಹುದ್ದೆಯ ಉಮೇದುವಾರಿಕೆಗಾಗಿ ಸ್ಪರ್ಧಿಸುತ್ತಿದ್ದರು. ಅವರನ್ನು ಕಾಲೇಜಿಗೆ ಆಹ್ವಾನಿಸಿದ್ದು ಕಪ್ಪು ವಿದ್ಯಾರ್ಥಿಗಳ ಸಂಘದ ಅಧ್ಯಕ್ಷೆಯಾಗಿದ್ದ ಬಾರ್ಬರಾ ಅವರೇ. ಭಾಷಣ ಕೇಳಿ ಉತ್ಸಾಹಗೊಂಡ ಬಾರ್ಬರಾ ನಿಮ್ಮ ಪರವಾಗಿ ಕೆಲಸ ಮಾಡುತ್ತೇನೆ ಎಂದು ಹೇಳಿದರು. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿದೆಯೇ ಎಂದು ಚಿಸಮ್ ಕೇಳಿದರು. ಇಲ್ಲ ಎಂಬ ಉತ್ತರ ಬಂತು. ಚಿಸಮ್ ಚೆನ್ನಾಗಿ ಗದರಿಸಿದರು. ಮೊದಲು ಹೆಸರು ನೋಂದಾಯಿಸು, ಉಳಿದದ್ದು ಅನಂತರ ಎಂದರು.

ಬಾರ್ಬರಾ ಹೆಸರು ನೋಂದಾಯಿಸಿಕೊಂಡರು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಚಿಸಮ್ ಅವರ ಪ್ರಚಾರವನ್ನು ಸಂಘಟಿಸಿದರು. ಪಕ್ಷದ ಮಹಾಧಿವೇಶನಕ್ಕೆ ಪ್ರತಿನಿಧಿಯಾಗಿಯೂ ಹೋದರು. ಚಿಸಮ್ ಸೋತರು. ಬಾರ್ಬರಾ ಅವರಿಗೆ ಆ ವಿಷಯದಲ್ಲಿ ಮೊದಲ ದರ್ಜೆ ಸಿಕ್ಕಿತು!

ಆ ಬಳಿಕದ ಇಪ್ಪತ್ತೈದು ವರ್ಷಗಳನ್ನು ನಾನು ಬೇಗನೆ ದಾಟುತ್ತೇನೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದರು. ಬಡವರಿಗಾಗಿ ಮಾನಸಿಕ ಆರೋಗ್ಯ ಕೇಂದ್ರವೊಂದನ್ನು ಕಟ್ಟಿದರು. ಸಂಸತ್ ಸದಸ್ಯ ರಾನ್ ಡೆಲಮ್ಸ್ ಅವರ ಕಚೇರಿಗೆ ತರಬೇತಿಗೆಂದು ಸೇರಿ ಅವರ ಮುಖ್ಯ ಸಹಾಯಕಿಯ ಸ್ಥಾನಕ್ಕೆ ಏರಿದರು. ಡೆಲಮ್ಸ್ ಸಾಮಾನ್ಯ ವ್ಯಕ್ತಿಯಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿಯೇ ಸಂಸತ್ತಿಗೆ ಬಂದವರು. ದಕ್ಷಿಣ ಆಫ್ರಿಕದ ವರ್ಣಭೇದ ಸರಕಾರದ ಮೇಲೆ ಅಮೆರಿಕ ಆರ್ಥಿಕ ನಿರ್ಬಂಧ ಹೇರುವಂತೆ ಮಾಡಲು ವರ್ಷಗಟ್ಟಲೆ ಹೆಣಗಿದವರು. 1986ರಲ್ಲಿ ಅಧ್ಯಕ್ಷ ರೇಗನ್ ಅವರ ತಡೆಯನ್ನೂ ಮೀರಿ ಆ ಕಾನೂನು ಜಾರಿಗೆ ಬಂತು. ಅಲ್ಪಸಂಖ್ಯಾತ ನಿಲುವೊಂದು ಹದಿನೈದು ವರ್ಷಗಳಲ್ಲಿ ಬಹುಸಂಖ್ಯಾತ ನಿಲುವಾಗುವುದನ್ನು ಬಾರ್ಬರಾ ಆ ಕಚೇರಿಯಲ್ಲಿ ಕಣ್ಣಾರೆ ಕಂಡರು. ಅನಂತರ ಕ್ಯಾಲಿಫೋರ್ನಿಯಾದ ಶಾಸಕಾಂಗದ ಎರಡೂ ಸದನಗಳಲ್ಲಿದ್ದು, ಡೆಲಮ್ಸ್ ನಿವೃತ್ತರಾದಾಗ 1998ರ ಉಪಚುನಾವಣೆಯಲ್ಲಿ ಗೆದ್ದು ಅವರ ಸ್ಥಾನಕ್ಕೆ ಬಂದರು. ಮರುವರ್ಷವೇ ಕೊಸೊವೊ ಸಂದರ್ಭದಲ್ಲಿ 424 ಮತಗಳ ಎದುರು ಒಂಟಿ ಮತ ಹಾಕಿದ್ದರು. ಆದರೆ ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ.

ಈಗ 2001ಕ್ಕೆ ಬರೋಣ.

ಸೆಪ್ಟೆಂಬರ್ 11ರ ಬೆಳಗ್ಗೆ ಬಾರ್ಬರಾ ಸಂಸತ್ ಭವನದಲ್ಲಿಯೇ ಒಂದು ಸಭೆಯಲ್ಲಿದ್ದರು. ಎಲ್ಲರೂ ಹೊರಗೆ ಓಡಿ ಎಂಬ ಆದೇಶ ಬಂತು. ಓಡುತ್ತಾ ತಿರುಗಿ ನೋಡಿದಾಗ ರಕ್ಷಣಾ ಇಲಾಖೆಯ ಕಟ್ಟಡವಾದ ಪೆಂಟಗನ್ ಕಡೆಯಿಂದ ಹೊಗೆ ಏಳುತ್ತಿತ್ತು. ಅಪಹೃತವಾದ ನಾಲ್ಕನೆಯ ವಿಮಾನ ಪೆನ್ಸಿಲ್ವೇನಿಯಾದ ಹೊಲವೊಂದರಲ್ಲಿ ಬಿತ್ತು. ಅದು ಸಂಸತ್ ಭವನದ ಕಡೆಗೇ ಹೊರಟಿತ್ತೆಂದು ಭಾವಿಸಲಾಗಿದೆ. ಆ ವಿಮಾನದಲ್ಲಿ ಮಡಿದ ಪರಿಚಾರಕಿಯರಲ್ಲಿ ಒಬ್ಬರು ಬಾರ್ಬರಾ ಅವರ ಕಚೇರಿಯ ಮುಖ್ಯ ಸಹಾಯಕರ ಸೋದರ ಸಂಬಂಧಿ. ಅಂದರೆ ಸಾವು ಅವರ ಸ್ವಂತ ಕಚೇರಿಯೊಳಗೇ ಬಂದಿತ್ತು. ದೂರದಲ್ಲಿ ಕುಳಿತು ಶಾಂತಿಯ ಉಪದೇಶ ಮಾಡಿದವರು ಅವರಲ್ಲ.

ಆ ದಿನಗಳ ವಾತಾವರಣವನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ. ದಿನವಿಡೀ ದೂರದರ್ಶನದಲ್ಲಿ ಅದೇ ದೃಶ್ಯ. ಸಿಟ್ಟು ಮತ್ತು ಭಯ ಬೆರೆತ ಮನಸ್ಸುಗಳು. ಮತದಾನ ನಡೆದ ಮರುದಿನವೇ ಅರಿಝೋನಾದ ಮೆಸಾ ನಗರದಲ್ಲಿ ಓರ್ವ ಸಿಖ್ ವ್ಯಾಪಾರಿಯನ್ನು, ಪೇಟ ಮತ್ತು ಗಡ್ಡವನ್ನು ಕಂಡು, ಗುಂಡಿಟ್ಟು ಕೊಲ್ಲಲಾಯಿತು. ಪ್ರತೀಕಾರ ತೀರಿಸಬೇಕು ಎಂಬ ಹಸಿವು ಗುರಿ ಯಾರೆಂದು ನೋಡುವುದಿಲ್ಲ.

ಇಂಥ ಹೊತ್ತಿನಲ್ಲಿ ನಿರ್ಣಯ ಬಂತು. ಅದರ ಮುಖ್ಯ ಭಾಗ ಇಂಗ್ಲಿಷಿನಲ್ಲಿ ಕೇವಲ 60 ಪದಗಳು. ಕಾನೂನಿನ ಭಾಷೆ ಬೇಸರ ತರಿಸುತ್ತದೆ ಎಂಬುದು ನನಗೆ ಗೊತ್ತು. ಆದರೂ ಸ್ವಲ್ಪ ತಾಳ್ಮೆಯಿಂದ ಕೇಳಿ. ಯಾಕೆಂದರೆ ಸಾವಿರಾರು ಜನರ ಅಳಿವು ಉಳಿವು ಈ ಪದಗಳ ಮೇಲೆ ನಿಂತಿತು. ಅದರ ತಾತ್ಪರ್ಯ ಹೀಗಿದೆ: ಸೆಪ್ಟೆಂಬರ್ 11ರ ದಾಳಿಯನ್ನು ಯೋಜಿಸಿದ, ಅದಕ್ಕೆ ಅನುಮತಿ ನೀಡಿದ, ಅದನ್ನು ನಡೆಸಿದ ಅಥವಾ ಅದಕ್ಕೆ ನೆರವಾದವರೆಂದು, ಇಲ್ಲವೇ ಅಂಥವರಿಗೆ ಆಶ್ರಯ ಕೊಟ್ಟವರೆಂದು ಅಧ್ಯಕ್ಷರು ನಿರ್ಧರಿಸುವ ರಾಷ್ಟ್ರಗಳು, ಸಂಘಟನೆಗಳು ಅಥವಾ ವ್ಯಕ್ತಿಗಳ ವಿರುದ್ಧ ಅಗತ್ಯವಾದ ಎಲ್ಲ ಬಲವನ್ನು ಅವರು ಪ್ರಯೋಗಿಸಬಹುದು, ಅವರಿಂದ ಮುಂದೆ ಇಂಥ ಕೃತ್ಯ ನಡೆಯದಂತೆ ತಡೆಯುವುದು ಇದರ ಉದ್ದೇಶ.

ಈಗ ಇದನ್ನು ಬಿಡಿಸಿ ನೋಡಿ. ಶತ್ರು ಯಾರು? ಹೆಸರಿಲ್ಲ. ಅಲ್ ಖಾಯಿದಾ ಎಂಬ ಪದವಿಲ್ಲ, ಅಫ್ಘಾನಿಸ್ತಾನ ಎಂಬ ಪದವಿಲ್ಲ. ಯುದ್ಧ ಎಲ್ಲಿ? ಸ್ಥಳ ಹೇಳಿಲ್ಲ. ಯಾವಾಗ ಮುಗಿಯುತ್ತದೆ? ಅವಧಿ ಹೇಳಿಲ್ಲ. ತಪ್ಪಿತಸ್ಥರು ಯಾರೆಂದು ತೀರ್ಮಾನಿಸುವವರು ಯಾರು? ನ್ಯಾಯಾಲಯವಲ್ಲ, ಸಂಸತ್ತಲ್ಲ, ಅಧ್ಯಕ್ಷರೇ. ಅವರು ನಿರ್ಧರಿಸುವ ಎಂಬ ಎರಡು ಪದಗಳಲ್ಲಿ ಇಡೀ ಕಾನೂನು ಅಡಗಿದೆ.

ಶ್ವೇತಭವನ ಮೊದಲು ಕಳುಹಿಸಿದ್ದ ಕರಡು ಇದಕ್ಕಿಂತಲೂ ಅಪಾಯಕಾರಿಯಾಗಿತ್ತು. ಸೆಪ್ಟೆಂಬರ್ 11ರ ದಾಳಿಗೆ ಸಂಬಂಧವೇ ಇಲ್ಲದವರ ಮೇಲೂ ಮುಂಜಾಗ್ರತೆಯಾಗಿ ದಾಳಿ ಮಾಡುವ ಅಧಿಕಾರವನ್ನು ಅದರಲ್ಲಿ ಕೇಳಲಾಗಿತ್ತು. ಸಂಸತ್ತಿನ ನಾಯಕರು ಅದನ್ನು ಒಪ್ಪದೆ ಕಿರಿದುಗೊಳಿಸಿದರು. ಆದ್ದರಿಂದ ಪರವಾಗಿ ಮತ ಹಾಕಿದವರೆಲ್ಲ ಯುದ್ಧೋನ್ಮಾದಿಗಳು ಎಂದು ಹೇಳುವುದು ಅನ್ಯಾಯವಾದೀತು. ಅವರಲ್ಲಿ ಹಲವರು ತಾವು ಅಧ್ಯಕ್ಷರನ್ನು ಕಟ್ಟಿಹಾಕಿದ್ದೇವೆ ಎಂದೇ ನಂಬಿದ್ದರು. ಬಾಗಿಲು ಅರ್ಧ ಮುಚ್ಚಿದ್ದೇವೆ ಎಂದುಕೊಂಡರು. ಅರ್ಧ ಮುಚ್ಚಿದ ಬಾಗಿಲಿನಿಂದಲೂ ಸೈನ್ಯ ಹಾದುಹೋಗಬಲ್ಲದು ಎಂಬುದನ್ನು ಕಂಡವರು ಬಾರ್ಬರಾ.

ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಸಾರುವ ಅಧಿಕಾರ ಇರುವುದು ಸಂಸತ್ತಿಗೆ. ಸೈನ್ಯದ ಮಹಾದಂಡನಾಯಕರಾದ ಅಧ್ಯಕ್ಷರಿಗೆ ಅದನ್ನು ಬೇಕೆಂದೇ ಕೊಟ್ಟಿಲ್ಲ. ಯುದ್ಧ ಮಾಡುವವನೇ ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನಿಸಬಾರದೆಂಬುದು ಅದರ ತಾತ್ಪರ್ಯ. ಈ ಹೊಣೆಯನ್ನು ಒಮ್ಮೆ ಕೈಬಿಟ್ಟು ಅಮೆರಿಕ ಪಾಠ ಕಲಿತಿತ್ತು. 1964ರಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ದಾಳಿಯಾಯಿತೆಂದು ಹೇಳಿ ಅಧ್ಯಕ್ಷ ಜಾನ್ಸನ್ ಇಂಥದ್ದೇ ಅಧಿಕಾರ ಕೇಳಿದರು. ಪ್ರತಿನಿಧಿ ಸಭೆ 416 ಮತಗಳಿಂದ, ಒಂದೇ ಒಂದು ವಿರೋಧವಿಲ್ಲದೆ ಕೊಟ್ಟಿತು. ಸೆನೆಟ್‌ನಲ್ಲಿ ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೀನಿಂಗ್ ಎಂಬ ಇಬ್ಬರು ಮಾತ್ರ ವಿರೋಧಿಸಿದರು. ಆ ನಿರ್ಣಯದ ಬಲದಿಂದ ನಡೆದ ವಿಯೆಟ್ನಾಂ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಸತ್ತ ವಿಯೆಟ್ನಾಮಿಗಳ ಸಂಖ್ಯೆ ಅದರ ಹಲವು ಪಟ್ಟು. ಮೋರ್ಸ್ ಮತ್ತು ಗ್ರೀನಿಂಗ್ ಇಬ್ಬರೂ 1968ರಲ್ಲಿ ತಮ್ಮ ಸ್ಥಾನ ಕಳೆದುಕೊಂಡರು. ಅವರು ಸರಿಯಾಗಿದ್ದರು ಎಂಬುದಕ್ಕೆ ಅವರಿಗೆ ಸಿಕ್ಕ ಬಹುಮಾನ ಅದು!

ಸೆಪ್ಟೆಂಬರ್ 14ರ ಮಧ್ಯಾಹ್ನ ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಮಡಿದವರಿಗಾಗಿ ಪ್ರಾರ್ಥನಾ ಸಭೆ ನಡೆಯಿತು. ಬುಷ್, ಮಾಜಿ ಅಧ್ಯಕ್ಷರು, ಸಂಸತ್ ಸದಸ್ಯರು ಎಲ್ಲರೂ ಸೇರಿದ್ದರು. ಭಾರತ ಮೂಲದ ವಿದ್ವಾಂಸ ಮುಝಮ್ಮಿಲ್ ಸಿದ್ದೀಕಿ ಅವರು ಉತ್ತರ ಅಮೆರಿಕದ ಮುಸ್ಲಿಮರ ಪರವಾಗಿ ಅಲ್ಲಿ ಪ್ರಾರ್ಥಿಸಿದರು ಎಂಬುದನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ಬಾರ್ಬರಾ ಹೋಗುವುದೋ ಬೇಡವೋ ಎಂಬ ಅನಿಶ್ಚಿತತೆಯಲ್ಲಿದ್ದರು. ಮಳೆ ಬರುತ್ತಿತ್ತು. ಕೊನೆಯ ಗಳಿಗೆಯಲ್ಲಿ, ಕೈಯಲ್ಲಿದ್ದ ಶುಂಠಿ ಪಾನೀಯದ ಡಬ್ಬಿಯನ್ನೂ ಕೆಳಗಿಡದೆ, ಸದಸ್ಯರ ಬಸ್ಸಿಗೆ ಓಡಿಹೋಗಿ ಹತ್ತಿದರು. ಆ ಕೆಥೆಡ್ರಲ್‌ನ ಮುಖ್ಯ ಪಾದ್ರಿ ನೇಥನ್ ಬ್ಯಾಕ್ಸ್‌ಟರ್ ತಮ್ಮ ಪ್ರಾರ್ಥನೆಯಲ್ಲಿ ಒಂದು ಮಾತು ಹೇಳಿದರು. ನಾವು ಕೈಗೊಳ್ಳುವ ಕ್ರಮದಿಂದ, ಯಾವ ಕೆಡುಕನ್ನು ಖಂಡಿಸುತ್ತೇವೆಯೋ ಅದೇ ಕೆಡುಕು ನಾವಾಗದಿರಲಿ ಎಂಬುದು ಅದರ ಸಾರ. ಆ ಕ್ಷಣದಲ್ಲಿ ತನ್ನ ಮನಸ್ಸು ಗಟ್ಟಿಯಾಯಿತು ಎಂದು ಬಾರ್ಬರಾ ಹೇಳುತ್ತಾರೆ. ಆ ಪ್ರಾರ್ಥನೆಯನ್ನು ಅಲ್ಲಿದ್ದ ನೂರಾರು ಸದಸ್ಯರು ಕೇಳಿದರು. ಬಹುಶಃ ಎಲ್ಲರೂ ಆಮೀನ್ ಎಂದಿರಬಹುದು. ಸಂಜೆಯ ಮತದಾನದವರೆಗೂ ಅದನ್ನು ಮನಸ್ಸಿನಲ್ಲಿ ಹೊತ್ತು ತಂದವರು ಒಬ್ಬರು.

ಸದನದಲ್ಲಿ ಅವರಿಗೆ ಸಿಕ್ಕಿದ ಸಮಯ ಎರಡು ನಿಮಿಷಕ್ಕೂ ಕಡಿಮೆ. ಮಾತನಾಡುವಾಗ ಧ್ವನಿ ನಡುಗಿತು, ಕಣ್ಣು ತುಂಬಿತು. ಅವರು ಹೇಳಿದ ವಿಷಯಗಳು ಬಹಳ ಸರಳ. ಸೈನಿಕ ಕ್ರಮವೊಂದೇ ಅಮೆರಿಕದ ಮೇಲೆ ಇನ್ನಷ್ಟು ದಾಳಿ ನಡೆಯುವುದನ್ನು ತಡೆಯಲಾರದು. ದೇಶ ಶೋಕದಲ್ಲಿದೆ, ಇಂಥ ಹೊತ್ತಿನಲ್ಲಿ ಯಾರಾದರೂ ಸಂಯಮದ ಮಾತನ್ನು ಆಡಲೇಬೇಕು. ಪರಿಣಾಮಗಳನ್ನು ಯೋಚಿಸಲು ಒಂದಿಷ್ಟು ಹೊತ್ತು ನಿಲ್ಲೋಣ. ಪಾದ್ರಿಯ ಆ ಮಾತನ್ನು ಉಲ್ಲೇಖಿಸಿ ಅವರು ಮುಗಿಸಿದರು. ದಾಳಿಕೋರರನ್ನು ಶಿಕ್ಷಿಸಬಾರದೆಂದು ಅವರು ಹೇಳಲಿಲ್ಲ. ಅದೇ ದಿನ ಪರಿಹಾರ ಮತ್ತು ಭದ್ರತೆಗಾಗಿ 40 ಶತಕೋಟಿ ಡಾಲರ್ ನೀಡುವ ಮಸೂದೆ ಒಂದೂ ವಿರೋಧವಿಲ್ಲದೆ ಅಂಗೀಕಾರವಾಗಿತ್ತು. ಅವರ ಆಕ್ಷೇಪ ಇದ್ದದ್ದು ಈ 60 ಪದಗಳಿಗೆ. ಇದು ಅಧ್ಯಕ್ಷರಿಗೆ ಸಹಿ ಹಾಕಿ ಕೊಡುವ ಖಾಲಿ ಚೆಕ್ ಎಂದು ಕೆಲವು ದಿನಗಳ ಬಳಿಕ ಅವರು ಪತ್ರಿಕೆಯಲ್ಲಿ ಬರೆದರು.

ಮತ ಹಾಕಿದ ಬಳಿಕ ಸಹೋದ್ಯೋಗಿಗಳು ಬಳಿಗೆ ಬಂದರು. ಅವರಲ್ಲಿ ಹೆಚ್ಚಿನವರು ಸ್ನೇಹಿತರೇ. ಇನ್ನೂ ಸಮಯವಿದೆ, ಬದಲಾಯಿಸಿಕೊಳ್ಳಿ, ನೀವು ಮತ್ತೆ ಗೆಲ್ಲುವುದಿಲ್ಲ ಎಂದು ಕಳಕಳಿಯಿಂದಲೇ ಹೇಳಿದರು. ಇಲ್ಲೊಂದು ವ್ಯತ್ಯಾಸವನ್ನು ನಾವು ತಿಳಿದಿರಬೇಕು. ನಮ್ಮ ದೇಶದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಬಳಿಕ ಪಕ್ಷದ ವಿಪ್ ಉಲ್ಲಂಘಿಸಿ ಮತ ಹಾಕಿದ ಸಂಸದನ ಸದಸ್ಯತ್ವವೇ ಹೋಗಬಹುದು. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಅಲ್ಲಿನ ಸದಸ್ಯನನ್ನು ತಡೆಯುವುದು ಕಾನೂನಲ್ಲ, ಭಯ. ಸಾಲಿನಿಂದ ಹೊರಗೆ ನಿಲ್ಲುವ ಭಯ. ಅದೇನೂ ಸಣ್ಣದಲ್ಲ.

ಬೆದರಿಕೆಗಳು ಕೂಡಲೇ ಆರಂಭವಾದವು. ದೇಶದ್ರೋಹಿ ಎಂದರು. ಕೊಲ್ಲುತ್ತೇವೆ ಎಂದರು. ದೂರವಾಣಿ ಕರೆಗಳು ಮತ್ತು ಪತ್ರಗಳು ಸಾವಿರಾರು ಬಂದವು. ಹಗಲು ರಾತ್ರಿ ಪೊಲೀಸ್ ಕಾವಲು ಬೇಕಾಯಿತು. ಅವುಗಳ ನಡುವೆ ಬಂದ ಒಂದು ಕರೆ ಅವರ ತಂದೆಯದ್ದು. ಅವರು ಸೇನೆಯಲ್ಲಿ 25 ವರ್ಷ ಸೇವೆ ಸಲ್ಲಿಸಿದ್ದ ಅಧಿಕಾರಿ. ಎರಡನೆಯ ಮಹಾಯುದ್ಧದಲ್ಲಿಯೂ ಕೊರಿಯಾ ಯುದ್ಧದಲ್ಲಿಯೂ ಇದ್ದವರು. ಮತ ಹಾಕುವ ಮುನ್ನ ಬಾರ್ಬರಾ ಅವರೊಂದಿಗೆ ಮಾತನಾಡಿರಲಿಲ್ಲ. ನೀನು ಮಾಡಿದ್ದು ಸರಿ, ಇದರಿಂದ ಹಿಂದೆ ಸರಿಯಬೇಡ ಎಂದು ಆ ವೃದ್ಧ ಸೈನಿಕ ಮಗಳಿಗೆ ಹೇಳಿದರು. ಯುದ್ಧವನ್ನು ಕಂಡವರಿಗೂ ಯುದ್ಧವನ್ನು ದೂರದರ್ಶನದಲ್ಲಿ ನೋಡುವವರಿಗೂ ಇರುವ ವ್ಯತ್ಯಾಸ ಇದು.

ಆದರೆ ಮತದಾರರು ಅವರನ್ನು ಕೈಬಿಡಲಿಲ್ಲ. 2002ರ ಚುನಾವಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಇದನ್ನು ಉತ್ಪ್ರೇಕ್ಷಿಸುವ ಅಗತ್ಯವಿಲ್ಲ. ಓಕ್‌ಲ್ಯಾಂಡ್ ಮತ್ತು ಬರ್ಕ್ಲಿ ಅಮೆರಿಕದಲ್ಲಿ ಯುದ್ಧವಿರೋಧಿ ಚಳವಳಿಯ ತವರುಗಳು. ಬೇರೆ ಯಾವುದೋ ಕ್ಷೇತ್ರದಲ್ಲಾಗಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತು. ಆದರೆ ಅಂಥ ಸುರಕ್ಷಿತ ಕ್ಷೇತ್ರಗಳಿಂದ ಬಂದ ಸದಸ್ಯರು ಆ ಸದನದಲ್ಲಿ ಅವರೊಬ್ಬರೇ ಅಲ್ಲ, ಹಲವರಿದ್ದರು. ಅವರೂ 420ರೊಳಗೆ ಸೇರಿಹೋದರು. ಅದೇ ಅಕ್ಟೋಬರಿನಲ್ಲಿ ಪೇಟ್ರಿಯಟ್ ಕಾಯ್ದೆ ಬಂದಾಗ ಬಾರ್ಬರಾ ಸೇರಿ 66 ಮಂದಿ ವಿರೋಧಿಸಿದರು. 2002ರ ಅಕ್ಟೋಬರಿನಲ್ಲಿ ಇರಾಕ್ ಯುದ್ಧದ ನಿರ್ಣಯ ಬಂದಾಗ ವಿರೋಧಿಗಳ ಸಂಖ್ಯೆ 133. ಯುದ್ಧದ ಬದಲು ವಿಶ್ವಸಂಸ್ಥೆಯ ತಪಾಸಣೆಗೆ ಅವಕಾಶ ಕೊಡಿ ಎಂದು ಬಾರ್ಬರಾ ಅಂದು ಮಂಡಿಸಿದ ತಿದ್ದುಪಡಿ 72 ಮತ ಪಡೆದು ಬಿದ್ದುಹೋಯಿತು. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತು.

ಆ 60 ಪದಗಳು ಏನಾದವು? ಇದೇ ಈ ಕತೆಯ ಮುಖ್ಯ ಭಾಗ. ಅಫ್ಘಾನಿಸ್ತಾನದ ಯುದ್ಧ ಅದರಿಂದ ಆರಂಭವಾಗಿ 2021ರ ಆಗಸ್ಟ್‌ವರೆಗೆ ಇಪ್ಪತ್ತು ವರ್ಷ ನಡೆಯಿತು. 2,400ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಮಡಿದರು. ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನದ ಲೆಕ್ಕದಂತೆ 46,000ಕ್ಕೂ ಹೆಚ್ಚು ಅಫ್ಘಾನ್ ನಾಗರಿಕರು ಸತ್ತರು. ಸೋತು ಓಡಿದ್ದ ತಾಲಿಬಾನ್ ಮತ್ತೆ ಕಾಬೂಲಿನ ಗದ್ದುಗೆಯಲ್ಲಿ ಕುಳಿತಿತು. ಕ್ಯೂಬಾದ ಗ್ವಾಂಟನಾಮೋ ಸೆರೆಮನೆಗೆ ಸುಮಾರು 780 ಮುಸ್ಲಿಮರನ್ನು ಒಯ್ಯಲಾಯಿತು. ಅವರಲ್ಲಿ ಬಹುಪಾಲು ಮಂದಿ ವರ್ಷಗಟ್ಟಲೆ ಕೊಳೆತು, ಯಾವುದೇ ಆರೋಪಪಟ್ಟಿ ಇಲ್ಲದೆ ಬಿಡುಗಡೆಗೊಂಡರು. ಸೆರೆಯಲ್ಲಿಡುವ ಅಧಿಕಾರ ಎಲ್ಲಿದೆ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಮ್ ಕೋರ್ಟಿನ ಮುಂದೆ ಬಂದಾಗ 2004ರಲ್ಲಿ ನ್ಯಾಯಾಲಯ ಬೆಟ್ಟು ಮಾಡಿದ್ದು ಇದೇ ನಿರ್ಣಯದ ಕಡೆಗೆ. ಗಮನಿಸಿ, ಆ 60 ಪದಗಳಲ್ಲಿ ಸೆರೆ ಎಂಬ ಪದವೇ ಇಲ್ಲ.

ಸಂಸತ್ತಿನ ಸಂಶೋಧನಾ ವಿಭಾಗ 2016ರಲ್ಲಿ ಲೆಕ್ಕ ಹಾಕಿತು. ಈ ಕಾನೂನಿನ ಹೆಸರಿನಲ್ಲಿ 14 ದೇಶಗಳಲ್ಲಿ 37 ಸಲ ಸೈನಿಕ ಕ್ರಮಗಳು ನಡೆದಿದ್ದವು. ಯೆಮನ್, ಸೋಮಾಲಿಯಾ, ಫಿಲಿಪ್ಪೀನ್ಸ್, ಲಿಬಿಯಾ ಹೀಗೆ ಪಟ್ಟಿ ಬೆಳೆಯುತ್ತದೆ. ಅವು ಸಾರ್ವಜನಿಕವಾಗಿ ಹೇಳಲಾದವು ಮಾತ್ರ. 2014ರಲ್ಲಿ ಐಎಸ್ಐಎಸ್ ವಿರುದ್ಧ ಇರಾಕ್ ಮತ್ತು ಸಿರಿಯಾದಲ್ಲಿ ಬಾಂಬ್ ಹಾಕಲು ಒಬಾಮ ಸರಕಾರವೂ ಇದೇ ಕಾನೂನನ್ನು ಬಳಸಿತು. 2001ರಲ್ಲಿ ಐಎಸ್ಐಎಸ್ ಎಂಬ ಸಂಘಟನೆಯೇ ಇರಲಿಲ್ಲ! ಅಂದರೆ ಬುಷ್ ಅವರ ಕೈಗೆ ಕೊಟ್ಟ ಚೆಕ್ಕನ್ನು ಅವರ ಬಳಿಕ ಬಂದವರೂ ಬರೆದುಕೊಂಡರು. ಅಧಿಕಾರ ಒಳ್ಳೆಯವರ ಕೈಯಲ್ಲಿದೆಯೋ ಕೆಟ್ಟವರ ಕೈಯಲ್ಲಿದೆಯೋ ಎಂಬ ನಮ್ಮ ಮಾಮೂಲಿ ಚರ್ಚೆಗೆ ಇಲ್ಲಿ ಅರ್ಥವಿಲ್ಲ. ಯುದ್ಧವಿರೋಧಿ ಎಂದು ಹೆಸರಾಗಿ ಗೆದ್ದ ಒಬಾಮ ಕೂಡಾ ಕೈಗೆ ಸಿಕ್ಕಿದ ಅಧಿಕಾರವನ್ನು ಮರಳಿಸಲಿಲ್ಲ.

ಬಾರ್ಬರಾ ಪ್ರತಿ ಅಧಿವೇಶನದಲ್ಲಿಯೂ ಈ ಕಾನೂನನ್ನು ರದ್ದುಗೊಳಿಸುವ ಪ್ರಸ್ತಾವ ತರತೊಡಗಿದರು. ಸೋಲುವುದು, ಮತ್ತೆ ತರುವುದು, ಮತ್ತೆ ಸೋಲುವುದು. 2017ರ ಜೂನ್‌ನಲ್ಲಿ ಅಚ್ಚರಿಯೊಂದು ನಡೆಯಿತು. ರಿಪಬ್ಲಿಕನ್ ಪಕ್ಷದವರೇ ಬಹುಮತದಲ್ಲಿದ್ದ ಹಣಕಾಸು ವಿನಿಯೋಗ ಸಮಿತಿ ಅವರ ತಿದ್ದುಪಡಿಯನ್ನು ಧ್ವನಿಮತದಿಂದ ಅಂಗೀಕರಿಸಿತು. ಸೇನೆಯಲ್ಲಿದ್ದು ಬಂದ ರಿಪಬ್ಲಿಕನ್ ಸದಸ್ಯರೂ ಬೆಂಬಲಿಸಿದರು. ಕೋಣೆಯಲ್ಲಿ ಚಪ್ಪಾಳೆ ಕೇಳಿಬಂತು. ಹದಿನಾರು ವರ್ಷಗಳ ಬಳಿಕ ಒಬ್ಬರ ಮಾತು ಒಂದು ಕೋಣೆಯ ಮಾತಾಯಿತು. ಆದರೆ ಮುಂದಿನ ತಿಂಗಳೇ, ಮಸೂದೆ ಸದನಕ್ಕೆ ಬರುವ ಮುನ್ನ, ಸಭೆಯ ನಾಯಕತ್ವ ಆ ತಿದ್ದುಪಡಿಯನ್ನು ಸದ್ದಿಲ್ಲದೆ ಕಿತ್ತುಹಾಕಿತು. ಮತಕ್ಕೆ ಹಾಕಿ ಸೋಲಿಸುವ ಧೈರ್ಯವೂ ಅವರಿಗಿರಲಿಲ್ಲ. ಇರಾಕ್ ಯುದ್ಧಕ್ಕಾಗಿ 2002ರಲ್ಲಿ ಕೊಟ್ಟ ಇನ್ನೊಂದು ಅನುಮತಿಯನ್ನು ರದ್ದುಗೊಳಿಸುವ ಅವರ ಮಸೂದೆಯನ್ನು 2021ರಲ್ಲಿ ಪ್ರತಿನಿಧಿ ಸಭೆ 268-161 ಮತಗಳಿಂದ ಒಪ್ಪಿತು. ಅದೂ ಆಗ ಕಾನೂನಾಗಲಿಲ್ಲ.

ಬಾರ್ಬರಾ ಎಂದರೆ ಯುದ್ಧವಿರೋಧ ಮಾತ್ರವೆಂದು ತಿಳಿಯಬಾರದು. ಆಫ್ರಿಕದ ಏಡ್ಸ್ ರೋಗಿಗಳಿಗೆ ಔಷಧ ಒದಗಿಸುವ 2003ರ ಬೃಹತ್ ಯೋಜನೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಆ ಕಾನೂನಿಗೆ ಸಹಿ ಹಾಕಿದವರು ಇದೇ ಬುಷ್. ಒಂದು ವಿಷಯದಲ್ಲಿ ಒಂಟಿಯಾಗಿ ಎದುರಿಸಿದ ಅಧ್ಯಕ್ಷರೊಂದಿಗೆ ಇನ್ನೊಂದು ವಿಷಯದಲ್ಲಿ ಕೈಜೋಡಿಸಲು ಅವರಿಗೆ ಸಂಕೋಚವಾಗಲಿಲ್ಲ. ಇನ್ನು, ಗರ್ಭಪಾತ ಮತ್ತು ಕುಟುಂಬಕ್ಕೆ ಸಂಬಂಧಿಸಿದ ಅವರ ನಿಲುವುಗಳನ್ನು ಇಲ್ಲಿ ಕುಳಿತಿರುವ ಹೆಚ್ಚಿನವರು ಒಪ್ಪಲಾರಿರಿ. ನಾನೂ ಒಪ್ಪುವುದಿಲ್ಲ. ಆದರೆ ಎಲ್ಲ ವಿಷಯದಲ್ಲಿಯೂ ನಮ್ಮಂತೆ ಯೋಚಿಸುವವರಿಂದ ಮಾತ್ರ ನ್ಯಾಯದ ಮಾತನ್ನು ಕೇಳುತ್ತೇವೆಂದು ಹೊರಟರೆ ನಾವು ಬಹಳ ಒಂಟಿಯಾಗುತ್ತೇವೆ. ಗ್ವಾಂಟನಾಮೋದ ಕೈದಿಯ ಪರವಾಗಿ ವಾದಿಸಿದ ವಕೀಲರಲ್ಲಿ ಎಷ್ಟು ಮಂದಿ ಮುಸ್ಲಿಮರಿದ್ದರು? 2001ರ ಆ ರಾತ್ರಿ ಪ್ರತಿನಿಧಿ ಸಭೆಯಲ್ಲಿ ಒಬ್ಬ ಮುಸ್ಲಿಮ್ ಸದಸ್ಯನೂ ಇರಲಿಲ್ಲ. ಮೊದಲ ಮುಸ್ಲಿಮ್ ಸದಸ್ಯ ಕೀತ್ ಎಲಿಸನ್ ಆಯ್ಕೆಯಾದದ್ದು 2006ರಲ್ಲಿ. ಕಾಬೂಲಿನ ಮಕ್ಕಳ ಮೇಲೆ ಬೀಳಲಿದ್ದ ಬಾಂಬುಗಳ ಕುರಿತು ಒಂದಿಷ್ಟು ಯೋಚಿಸೋಣ ಎಂದು ಹೇಳಲು ಅಂದು ಸಿಕ್ಕಿದ್ದು, ಹುಟ್ಟುವಾಗಲೇ ಆಸ್ಪತ್ರೆಯ ಬಾಗಿಲಲ್ಲಿ ತಡೆಯಲ್ಪಟ್ಟ ಈ ಹೆಣ್ಣು ಮಗಳು.

2023ರ ಅಕ್ಟೋಬರಿನ ಬಳಿಕ ಗಾಝಾದಲ್ಲಿ ನಡೆದ ಯುದ್ಧದ ಸಮಯದಲ್ಲಿ ಬಾರ್ಬರಾ ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದರು. ಆರಂಭದಲ್ಲಿಯೇ ಕದನ ವಿರಾಮ ಬೇಕೆಂದು ಬಹಿರಂಗವಾಗಿ ಕೇಳಿದರು. 2024ರ ಮಾರ್ಚ್‌ನಲ್ಲಿ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿದು ಸೋತರು. ಹಣಬಲ ಅವರಲ್ಲಿರಲಿಲ್ಲ, ವಯಸ್ಸೂ 77 ಆಗಿತ್ತು. ಕದನ ವಿರಾಮ ಕೇಳಿದ್ದರಿಂದಲೇ ಸೋತರು ಎಂದು ಹೇಳಲಾಗದು. 2025ರ ಜನವರಿಯಲ್ಲಿ ಸಂಸತ್ತಿನಿಂದ ಹೊರಬಂದರು.

ಅದೇ ವರ್ಷದ ಕೊನೆಯಲ್ಲಿ, ರಕ್ಷಣಾ ಕಾಯ್ದೆಯೊಂದರ ಭಾಗವಾಗಿ, ಇರಾಕ್ ಯುದ್ಧದ 2002ರ ಅನುಮತಿ ಕೊನೆಗೂ ರದ್ದಾಯಿತು. ಅದಕ್ಕಾಗಿ ವರ್ಷಗಟ್ಟಲೆ ಬಾಗಿಲು ತಟ್ಟಿದ ಮಹಿಳೆ ಆಗ ಆ ಸದನದಲ್ಲಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಓಕ್‌ಲ್ಯಾಂಡಿನ ಜನ ಅವರನ್ನು ತಮ್ಮ ನಗರದ ಮೇಯರ್ ಆಗಿ ಆರಿಸಿದ್ದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ಕೈಗೆತ್ತಿಕೊಂಡದ್ದು ಖಾಲಿಯಾದ ನಗರದ ಖಜಾನೆ, ಅಪರಾಧ, ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರ ಸಮಸ್ಯೆಗಳನ್ನು. ಅವರು ಒಂಟಿಯಾಗಿ ವಿರೋಧಿಸಿದ 2001ರ ಆ ಅರುವತ್ತು ಪದಗಳು ಮಾತ್ರ ಅಮೆರಿಕದ ಕಾನೂನು ಪುಸ್ತಕದಿಂದ ಅಳಿದುಹೋಗಿಲ್ಲ.